ವಾರಂಟಿನ ಉದ್ದೇಶ ಹಾಜರಿ, ಶಿಕ್ಷೆಯಲ್ಲ

ನ್ಯಾಯಾಲಯದಿಂದ ವಾರಂಟ್ ಬಂದಿದೆ ಎಂದರೆ ನಮ್ಮ ಕೊಡ್ಲಿಪೇಟೆಯಂತಹ ಸಣ್ಣ ಊರಿನಲ್ಲಿ ಆ ಮನೆಯವರ ಮಾನ ಹೋಯಿತೆಂದೇ ಅರ್ಥ. ಅದು ಯಾವ ಬಗೆಯ ವಾರಂಟ್ ಎಂದು ಸಂತೆಯಲ್ಲಿ ಯಾರೂ ವಿಚಾರಿಸುವುದಿಲ್ಲ. ಆದರೆ ಕಾನೂನಿನ ದೃಷ್ಟಿಯಲ್ಲಿ ಜಾಮೀನು ಸಹಿತ ವಾರಂಟಿಗೂ ಜಾಮೀನುರಹಿತ ವಾರಂಟಿಗೂ ಅಜಗಜಾಂತರವಿದೆ. ಮೊದಲನೆಯದರಲ್ಲಿ, ನಿಗದಿಯಾದ ಮೊತ್ತಕ್ಕೆ ಮುಚ್ಚಳಿಕೆ ಬರೆದುಕೊಟ್ಟು ಜಾಮೀನುದಾರರನ್ನು ಒದಗಿಸಿದರೆ ವಾರಂಟ್ ತಂದ ಅಧಿಕಾರಿಯೇ ಆರೋಪಿಯನ್ನು ಬಿಡಬೇಕು. ಎರಡನೆಯದರಲ್ಲಿ ಬಂಧಿಸಿ ನ್ಯಾಯಾಧೀಶರ ಮುಂದೆ ನಿಲ್ಲಿಸಲಾಗುತ್ತದೆ.

ಈ ವ್ಯತ್ಯಾಸ ಅತಿ ಮುಖ್ಯವಾಗುವುದು ಅಕ್ರಮ ಹಣ ವರ್ಗಾವಣೆ ಪ್ರಕರಣಗಳಲ್ಲಿ. 2005ರ ಜುಲೈ 1ರಂದು ಜಾರಿಗೆ ಬಂದ ಈ ಕಾಯ್ದೆಯ 45ನೆಯ ಕಲಮಿನಂತೆ, ಆರೋಪಿ ತಪ್ಪಿತಸ್ಥನಲ್ಲವೆಂದೂ ಜಾಮೀನಿನ ಮೇಲಿರುವಾಗ ಅಪರಾಧವೆಸಗಲಾರನೆಂದೂ ನಂಬಲು ಆಧಾರವಿದ್ದರಷ್ಟೇ ಜಾಮೀನು. ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಈ ಅವಳಿ ಷರತ್ತುಗಳನ್ನು ರದ್ದುಪಡಿಸಿತು. 2018ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. 2022ರ ಜುಲೈನಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಷರತ್ತುಗಳನ್ನು ಎತ್ತಿಹಿಡಿಯಿತು. ಹೀಗಾಗಿ ಒಮ್ಮೆ ಒಳಗೆ ಹೋದವರು ಹೊರಬರುವುದು ಸುಲಭವಲ್ಲ.

ಈ ಹಿನ್ನೆಲೆಯಲ್ಲಿ 2024ರ ಮೇ 16ರಂದು ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ತರ್ಸೇಮ್ ಲಾಲ್ ಪ್ರಕರಣದಲ್ಲಿ ನೀಡಿದ ತೀರ್ಪು ಸ್ವಾಗತಾರ್ಹ. ತನಿಖೆಯ ವೇಳೆ ಬಂಧಿಸದೆ ಬಿಟ್ಟಿದ್ದ ಆರೋಪಿಗೆ, ದೂರನ್ನು ಅಂಗೀಕರಿಸಿದ ವಿಶೇಷ ನ್ಯಾಯಾಲಯ ಸಾಮಾನ್ಯವಾಗಿ ಸಮನ್ಸ್ ಕಳುಹಿಸಬೇಕು. ಆತ ಬಂದು ಬರೆದುಕೊಡುವ ಮುಚ್ಚಳಿಕೆ ಜಾಮೀನಲ್ಲ. ಅದಕ್ಕೆ ಅವಳಿ ಷರತ್ತುಗಳು ಅನ್ವಯಿಸುವುದಿಲ್ಲ. ಬಾರದಿದ್ದರೆ ಮೊದಲು ಜಾಮೀನು ಸಹಿತ ವಾರಂಟ್. ಅದನ್ನು ಜಾರಿಗೊಳಿಸಲಾಗದಿದ್ದರೆ ಮಾತ್ರ ಜಾಮೀನುರಹಿತ ವಾರಂಟ್. ಅಂತಹ ಆರೋಪಿ ತನ್ನ ವಶಕ್ಕೆ ಬೇಕೆಂದರೆ ಜಾರಿ ನಿರ್ದೇಶನಾಲಯ ನ್ಯಾಯಾಲಯವನ್ನೇ ಕೇಳಬೇಕು.

ಬಂಧನದ ಬೆಲೆ ಏನೆಂಬುದನ್ನು ಕರ್ನಾಟಕ ಬಲ್ಲದು. ಡಿ.ಕೆ. ಶಿವಕುಮಾರ್ ಅವರನ್ನು 2019ರ ಸೆಪ್ಟೆಂಬರ್ 3ರಂದು ಬಂಧಿಸಲಾಯಿತು. ಅಕ್ಟೋಬರ್ 23ರಂದು ದೆಹಲಿ ಹೈಕೋರ್ಟ್ ಜಾಮೀನು ನೀಡಿತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನೇ ರದ್ದುಗೊಳಿಸಿತು. ಅದಕ್ಕೆ ಆಧಾರವಾದ, 2023ರ ನವೆಂಬರ್‌ನ ಪಾವನಾ ಡಿಬ್ಬೂರ್ ತೀರ್ಪೂ ಬೆಂಗಳೂರಿನ ಪ್ರಕರಣದ್ದೇ. ರಾಜಕೀಯವಾಗಿ ನಮ್ಮ ಅಭಿಪ್ರಾಯ ಏನೇ ಇರಲಿ, ಸೆರೆಯಲ್ಲಿ ಕಳೆದ ಐವತ್ತು ದಿನಗಳನ್ನು ಯಾವ ಅಂತಿಮ ಆದೇಶವೂ ಹಿಂತಿರುಗಿಸಲಾರದು. ಹೆಸರಾಂತ ವಕೀಲರಿರುವವರ ಪಾಡೇ ಹೀಗಾದರೆ ಸಾಮಾನ್ಯರ ಗತಿಯೇನು?

ಮೃದು ಧೋರಣೆಯಿಂದ ಆರೋಪಿಗಳು ಪರಾರಿಯಾಗುತ್ತಾರೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2016ರ ಮಾರ್ಚ್‌ನಲ್ಲಿ ವಿಜಯ್ ಮಲ್ಯ ದೇಶ ಬಿಟ್ಟದ್ದನ್ನು ಬ್ಯಾಂಕುಗಳು ಮರೆತಿಲ್ಲ. ಆದರೆ ಅಂತಹವರ ಆಸ್ತಿ ಮುಟ್ಟುಗೋಲಿಗೆಂದೇ 2018ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿದೆ. ಕೆಲವರು ಓಡಿಹೋಗುತ್ತಾರೆಂದು ಕರೆದಾಗ ಬರುವವರನ್ನೂ ಕಟ್ಟಿಹಾಕುವುದು ನ್ಯಾಯವಲ್ಲ. ತಾಲ್ಲೂಕು ದಂಡಾಧಿಕಾರಿಯಾಗಿದ್ದಾಗ ನಾನು ಕಂಡಂತೆ, ಗೈರುಹಾಜರಾದವರಲ್ಲಿ ತಪ್ಪಿಸಿಕೊಂಡವರಿಗಿಂತ ನೋಟಿಸು ತಲುಪದವರೇ ಹೆಚ್ಚು.

ತೀರ್ಪಿಗೊಂದು ಮಿತಿಯೂ ಇದೆ. ದೂರು ದಾಖಲಾಗುವ ಮುನ್ನ ಬಂಧಿಸಲು 19ನೆಯ ಕಲಮು ನೀಡಿರುವ ಅಧಿಕಾರ ಹಾಗೆಯೇ ಉಳಿದಿದೆ. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದರಲ್ಲಿ ನೂಕುನುಗ್ಗಲು ಸಹಜವೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಬಂಧನದ ಅವಸರ ತನಿಖೆಯ ಹಂತಕ್ಕೆ ಸರಿಯದಂತೆ ನೋಡಿಕೊಳ್ಳಲು, ಎಷ್ಟು ಮಂದಿಯನ್ನು ದೂರಿಗೆ ಮುನ್ನ ಬಂಧಿಸಲಾಯಿತು, ಅವರಲ್ಲಿ ಎಷ್ಟು ಮಂದಿಗೆ ಶಿಕ್ಷೆಯಾಯಿತು ಎಂಬ ಲೆಕ್ಕವನ್ನು ಸರ್ಕಾರ ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಲಿ.

ಸಮನ್ಸಿನೊಡನೆ ಕನ್ನಡದಲ್ಲಿ ಒಂದು ಪುಟದ ವಿವರಣೆಯಿರಲಿ: ಯಾವಾಗ ಬರಬೇಕು, ಏನು ತರಬೇಕು, ಬಾರದಿದ್ದರೆ ಏನಾಗುತ್ತದೆ. ಕೊಡ್ಲಿಪೇಟೆಯಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಅಷ್ಟು ದೂರದ ಕಟಕಟೆಗೆ ತಾನಾಗಿ ಹೋಗಲು ಸಿದ್ಧನಿರುವವನಿಗೆ ಕಾನೂನು ತಿಳಿಸಬೇಕಾದುದು ದಾರಿಯನ್ನು, ತೋರಿಸಬೇಕಾದುದು ಬೇಡಿಯನ್ನಲ್ಲ.