ಹಾಯಿದೋಣಿಗೆ ಬರುವ ನೆಂಟರು

ಕೆರಿಬಿಯನ್ ಸಮುದ್ರದ ಪೂರ್ವದಂಚಿನಲ್ಲಿ ಗ್ರೆನೇಡಾ, ಮಾರ್ಟಿನಿಕ್ ಮೊದಲಾದ ದ್ವೀಪಗಳು ಸಾಲಾಗಿವೆ. ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ಅಲ್ಲಿ ತಿಂಗಳುಗಟ್ಟಲೆ ಸಂಚರಿಸುವ ಸಂಸಾರಗಳುಂಟು. ಅವರಿಗೂ ಊರಿನಿಂದ ನೆಂಟರು ಬರುತ್ತಾರೆ. ಬರುವವರಿಗೆ ಅವರು ಹೇಳುವ ಮಾತು ಒಂದೇ: ದಿನವನ್ನು ಗೊತ್ತುಮಾಡಿ, ಇಲ್ಲವೇ ದ್ವೀಪವನ್ನು, ಎರಡನ್ನೂ ಬೇಡ.

ಕಾರಣ, ಅಲ್ಲಿ ಯಜಮಾನಿಕೆ ಗಾಳಿಯದು. ದೋಣಿಯ ವೇಗ ಗಂಟೆಗೆ ಸುಮಾರು 5 ನಾಟಿಕಲ್ ಮೈಲಿ, ಎಂದರೆ 9 ಕಿಲೋಮೀಟರು. 100 ನಾಟಿಕಲ್ ಮೈಲಿಗೆ 20 ಗಂಟೆ ಬೇಕು. ವಾಣಿಜ್ಯ ಮಾರುತವು ಪೂರ್ವದಿಂದ ಬೀಸುವುದರಿಂದ ಆ ದಿಕ್ಕಿಗೆ ಹೋಗುವ ದೋಣಿ ಎಡಕ್ಕೂ ಬಲಕ್ಕೂ ಓರೆಯಾಗಿ ತಿರುಗುತ್ತ ಸಾಗಬೇಕು. ಹೊತ್ತು ಇನ್ನೂ ಹೆಚ್ಚು. ವಿಮಾನದ ವೇಳೆಗೆ ಮುಟ್ಟಬೇಕೆಂದು ಕೆಟ್ಟ ಹವೆಯಲ್ಲಿ ಹಾಯಿ ಎತ್ತಿದರೆ ಪ್ರಾಣಕ್ಕೇ ಅಪಾಯ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಆಗ ನೆಂಟರನ್ನು ಕರೆಯದಿರುವುದೇ ಲೇಸು.

ಬರುವವರೂ ತಿಳಿದಿರಬೇಕಾದುದುಂಟು. ಸಿಹಿನೀರು ಮಿತ, ತಂಬಿಗೆಯ ಲೆಕ್ಕದಲ್ಲಿ ಖರ್ಚು. ಗಟ್ಟಿ ಪೆಟ್ಟಿಗೆ ಇಡಲು ಜಾಗವಿಲ್ಲ, ಮಡಿಸುವ ಚೀಲ ತರಬೇಕು. ಮೊದಲ ದಿನ ಲಂಗರು ಹಾಕಿದಲ್ಲೇ ಉಳಿದರೆ ಓಲಾಟಕ್ಕೆ ಮೈ ಒಗ್ಗುತ್ತದೆ.

ದಿನ, ಸ್ಥಳ ಎರಡೂ ಗೊತ್ತಾಗಿ ಟಿಕೆಟ್ಟು ಕೊಂಡಾಗಿದ್ದರೆ, ಅನುಭವಸ್ಥರು ನಾಲ್ಕಾರು ದಿನ ಮುಂಚೆಯೇ ಆ ಬಂದರು ಸೇರಿ ಕಾಯುತ್ತಾರೆ. ಬೀಳ್ಕೊಡುವಾಗಲೂ ಹಾಗೆಯೇ.