ಕುಜನೂ ನಮ್ಮ ಮುರಕಲ್ಲೂ

ಕಳೆದ ವರ್ಷ ‘ಕುಜದೋಷ’ ಎಂದು ಮಗಳಿಗೆ ಬಂದ ಸಂಬಂಧವೊಂದು ತಪ್ಪಿಹೋಯಿತು. ಅವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅವಳ ಹಳೇ ವಿಜ್ಞಾನ ಪುಸ್ತಕ ತೆಗೆದು ಇಬ್ಬರೂ ಓದಿದೆವು.

ಸೋದರಿಯರೇ, ನಮ್ಮ ಯಡ್ತರೆಯ ಪಾಗಾರದ ಮುರಕಲ್ಲು ಕೆಂಪೇಕೆ ಗೊತ್ತೇ? ಅದರಲ್ಲಿರುವ ಕಬ್ಬಿಣಕ್ಕೆ ತುಕ್ಕು ಹಿಡಿದು. ಕುಜ, ಅಂದರೆ ಮಂಗಳನ ಕೆಂಪೂ ಅಂಥದೇ ತುಕ್ಕಿನ ಧೂಳು. ನೆಪ್ಚೂನನ ನೀಲಿಗೆ ಮೀಥೇನ್ ಅನಿಲ ಕಾರಣ. ತೂಕವೂ ಬೇರೆಬೇರೆ: ಒಂದು ಲೀಟರ್ ನೀರು 1 ಕಿಲೋ, ಅಷ್ಟೇ ಗಾತ್ರದ ಭೂಮಿ ಸರಾಸರಿ 5.5 ಕಿಲೋ, ಮಂಗಳ 3.9. ಜಲಜನಕ, ಹೀಲಿಯಂ ತುಂಬಿದ ಶನಿ 0.7 ಮಾತ್ರ, ನೀರಿಗಿಂತ ಹಗುರ!

2014ರ ಸೆಪ್ಟೆಂಬರ್ 24ರಂದು ಮಂಗಳನನ್ನು ಸುತ್ತತೊಡಗಿದ ನಮ್ಮ ನೌಕೆಯನ್ನು ಬೆಂಗಳೂರಿನಿಂದ ನಡೆಸಿದವರಲ್ಲಿ ಹೆಣ್ಣುಮಕ್ಕಳೂ ಇದ್ದರು.

“ಅಮ್ಮಾ, ನಮ್ಮ ಪಾಗಾರಕ್ಕೆ ಹೆದರುದಾ?” ಎಂದು ಮಗಳು ನಕ್ಕಳು. ಜಾತಕ ನೋಡುವ ತಾಯಂದಿರೇ, ಹುಡುಗಿಯನ್ನೂ ಒಮ್ಮೆ ನೋಡಿ.