ನೀಲಿ ಚುಕ್ಕೆಗಳ ಲೆಕ್ಕ

ಲೇಥ್ ಮನೆಗೆ ಬಂದದ್ದು ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ. ಚೈನ್ ಪುಲ್ಲಿ ಕಟ್ಟಿ ಇಳಿಸಿ, ಪೈಪುಗಳ ಮೇಲೆ ಉರುಳಿಸುತ್ತ ಹಿತ್ತಲ ಶೆಡ್ಡಿಗೆ ಸೇರಿಸುವಷ್ಟರಲ್ಲಿ ಐದು ಜನರ ಅರ್ಧ ದಿನ ಕಳೆದಿತ್ತು. ನಾಲ್ಕೂವರೆ ಅಡಿ ಬೆಡ್ಡಿನ ಹಳೆಯ ಯಂತ್ರ. ಪಂಪ್‌ಸೆಟ್ ರಿಪೇರಿಯ ವರ್ಕ್‌ಶಾಪೊಂದು ಬಾಗಿಲು ಹಾಕಿದಾಗ ಗುಜರಿ ತೂಕಕ್ಕೆ ಹೋಗುವುದರಲ್ಲಿತ್ತು. ಹೆಡ್‌ಸ್ಟಾಕಿನ ಮೇಲೆ ಗಟ್ಟಿಯಾಗಿ ಕೂತಿದ್ದ ಗ್ರೀಸು, ಬಣ್ಣ ಕೆರೆದಾಗ ಹಿತ್ತಾಳೆಯ ಫಲಕ ಸಿಕ್ಕಿತು. ಮೈಸೂರು ಕಿರ್ಲೋಸ್ಕರ್, ಹರಿಹರ. ಆಮೇಲೆ ಇದನ್ನು ಹಾಗೇ ಬಿಡುವ ಮಾತೇ ಇರಲಿಲ್ಲ.

ತುಂಗಭದ್ರೆಯ ದಂಡೆಯ ಹರಿಹರವೆಂದರೆ ಹೊರಗಿನವರಿಗೆ ಹರಿಹರೇಶ್ವರ ದೇವಸ್ಥಾನ. ಟರ್ನರುಗಳಿಗೆ ಮಾತ್ರ ಅದು ಲೇಥಿನ ಊರು. 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಹೊರದೇಶದ ಯಂತ್ರಗಳು ಸಿಗುವುದೇ ದುರ್ಲಭವಾಗಿದ್ದ ಹೊತ್ತಿನಲ್ಲಿ ಮೈಸೂರು ಕಿರ್ಲೋಸ್ಕರ್ ಅಲ್ಲಿ ಶುರುವಾಯಿತು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರ ಎಂದೇ ಹೆಸರು. ಹನ್ನೆರಡು ವರ್ಷಗಳ ನಂತರ, 1953ರಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿತು. ನಮ್ಮಲ್ಲಿ ಬಹಳ ಮಂದಿಗೆ ಎಚ್‌ಎಂಟಿ ಎಂದರೆ ಕೈಗಡಿಯಾರ. ಆದರೆ ಅದು ಮೊದಲು ಮಾಡಿದ್ದು ಗಡಿಯಾರವನ್ನಲ್ಲ, ಲೇಥನ್ನು. ಹರಿಹರದ ಕಾರ್ಖಾನೆ ಈಗಿಲ್ಲ. ಅಲ್ಲಿಂದ ಹೊರಟ ಯಂತ್ರಗಳು ಮಾತ್ರ ಊರೂರಿನ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಆಯುಧಪೂಜೆಯ ದಿನ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಒಂದು ದಿನ ವಿಶ್ರಾಂತಿ ಪಡೆಯುತ್ತವೆ.

ಲೇಥಿನ ತತ್ವ ಸರಳ. ಕುಂಬಾರನ ತಿಗರಿಯನ್ನು ಅಡ್ಡ ಮಲಗಿಸಿದ ಹಾಗೆ. ಚಕ್ಕಿನಲ್ಲಿ ಕಚ್ಚಿಸಿದ ಲೋಹದ ತುಂಡು, ಅಂದರೆ ಜಾಬ್, ತಿರುಗುತ್ತದೆ, ಟೂಲ್ ಅದರ ಪಕ್ಕದಲ್ಲಿ ನೇರವಾಗಿ ಸಾಗುತ್ತ ಲೋಹವನ್ನು ಸಿಪ್ಪೆಯಂತೆ ಸುಲಿಯುತ್ತದೆ. ಎಲ್ಲವೂ ನಿಂತಿರುವುದು ಆ 'ನೇರ' ಎನ್ನುವ ಪದದ ಮೇಲೆ. ಟೂಲನ್ನು ಹೊತ್ತ ಕ್ಯಾರಿಯೇಜ್ ಯಾವ ಬೆಡ್ಡಿನ ಮೇಲೆ ಜಾರುತ್ತದೋ ಆ ಬೆಡ್ ಸವೆದಿದ್ದರೆ, ಸವಕಳಿಯ ನಕಲು ಪ್ರತಿಯೊಂದು ಜಾಬ್ ಮೇಲೂ ಮೂಡುತ್ತದೆ. ಹಾಗಾಗಿ ಹಳೆಯ ಲೇಥಿಗೆ ಮೊದಲು ಬಣ್ಣ ಬಳಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಣ್ಣ ಕೊನೆಯ ಕೆಲಸ.

ಮೊದಲ ಎರಡು ತಿಂಗಳು ಬಿಚ್ಚುವುದರಲ್ಲೇ ಹೋಯಿತು. ಪ್ರತಿ ಭಾಗ ಬಿಚ್ಚುವ ಮುಂಚೆ ಫೋಟೊ, ಪ್ರತಿ ಬೋಲ್ಟಿಗೆ ಚೀಟಿ. ಸಣ್ಣ ಭಾಗಗಳ ತುಕ್ಕಿಗೆ ವಾಷಿಂಗ್ ಸೋಡಾ ಕರಗಿಸಿದ ನೀರು ಮತ್ತು ಬ್ಯಾಟರಿ ಚಾರ್ಜರ್ ಸಾಕು. ತುಕ್ಕು ಹಿಡಿದ ಭಾಗಕ್ಕೆ ಋಣ, ಒಂದು ಹಳೆಯ ಕಬ್ಬಿಣದ ತಗಡಿಗೆ ಧನ. ರಾತ್ರಿ ಕಳೆಯುವುದರೊಳಗೆ ತುಕ್ಕು ಕಪ್ಪು ಕೆಸರಾಗಿ ಸಡಿಲುತ್ತದೆ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ಇದನ್ನು ಬಯಲಲ್ಲೇ ಮಾಡಬೇಕು. ತಗಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ಇಡಬಾರದು, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಬೆಡ್ಡಿಗೆ ಸೀಮೆಎಣ್ಣೆ, ಬಟ್ಟೆ, ತಾಳ್ಮೆ. ಸ್ಯಾಂಡ್‌ಪೇಪರ್ ಮುಟ್ಟಿಸಿದರೆ ಅದರ ಮರಳಿನ ಕಣ ಎರಕದೊಳಗೆ ಕೂತು ಮುಂದೆ ಅರದಂತೆ ಉಜ್ಜುತ್ತಲೇ ಇರುತ್ತದೆ.

ಬೆಡ್ ತೊಳೆದು ಅಳೆದಾಗ ನಿರೀಕ್ಷಿಸಿದ್ದೇ ಕಂಡಿತು. ಚಕ್ಕಿನ ಎದುರು ತುದಿಯ ಆಸರೆಯಾದ ಟೇಲ್‌ಸ್ಟಾಕ್ ಕಡೆ ಹೊಸದರಂತಿದೆ, ಚಕ್ಕಿನ ಹತ್ತಿರ ತಗ್ಗು. ಟರ್ನರನ ಬಹುಪಾಲು ಕೆಲಸ ಚಕ್ಕಿನ ಪಕ್ಕದ ಒಂದಡಿಯಲ್ಲೇ ನಡೆಯುತ್ತದಲ್ಲ, ಅಲ್ಲೇ ಸವೆಯುತ್ತದೆ. ನಮ್ಮದು ಒಂದು ಮಿಲಿಮೀಟರಿನ ನೂರರಲ್ಲಿ ಐದು ಪಾಲು. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಬೆಡ್ ಗ್ರೈಂಡಿಂಗ್‌ಗೆ ಕೊಡಬಹುದಿತ್ತು. ಆದರೆ ಬೆಡ್ ತಗ್ಗಿದರೆ ಕ್ಯಾರಿಯೇಜ್ ಇಳಿಯುತ್ತದೆ, ಥ್ರೆಡ್ ಕೊರೆಯುವಾಗ ಅದನ್ನು ಸಾಗಿಸುವ ಲೀಡ್‌ಸ್ಕ್ರೂ ಜೊತೆಗಿನ ಸಾಲು ತಪ್ಪುತ್ತದೆ, ಅದನ್ನು ಸರಿಪಡಿಸಲು ಮತ್ತೊಂದು ಕೆಲಸ. ಅಷ್ಟು ಸವಕಳಿಯನ್ನು ಒಪ್ಪಿ ಬೆಡ್ಡನ್ನು ಹಾಗೇ ಬಿಟ್ಟು, ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್‌ಸ್ಲೈಡನ್ನು ಕೈಯಲ್ಲೇ ಸಮ ಮಾಡುವುದೆಂದು ನಿರ್ಧರಿಸಿದೆ. ಅದಕ್ಕೆ ಗುರು ಬೇಕಿತ್ತು. ನಮ್ಮ ಬೀದಿಯ ಕೊನೆಯಲ್ಲಿರುವ ನಿವೃತ್ತ ಫಿಟ್ಟರ್ ಒಬ್ಬರು, ಹರೆಯದಿಂದಲೂ ಸ್ಕ್ರೇಪರ್ ಹಿಡಿದವರು, ಒಪ್ಪಿದರು.

ಅವರು ಮೊದಲು ತೆಗೆದದ್ದು ನೀಲಿ ಬಣ್ಣದ ಟ್ಯೂಬ್. ಪ್ರಷ್ಯನ್ ಬ್ಲೂ. ಸಮತಟ್ಟಿನ ಮಾದರಿಯಾದ ಸರ್ಫೇಸ್ ಪ್ಲೇಟಿನ ಮೇಲೆ ಒಂದು ಹನಿ ಇಟ್ಟು, ಅಂಗೈಯಿಂದ ಸವರಿ ಸವರಿ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿಸಿದರು. ಸ್ಲೈಡನ್ನು ಮಗುಚಿ ಪ್ಲೇಟಿನ ಮೇಲಿಟ್ಟು ಎರಡು ಸಲ ಜಾರಿಸಿ ಎತ್ತಿದರು. ಇಷ್ಟಗಲ ಮುಖದಲ್ಲಿ ಮೂರು ಕಡೆ ಮಾತ್ರ ನೀಲಿ ಅಂಟಿತ್ತು. ಉಬ್ಬು ಇರುವುದು ಅಲ್ಲಿ. ಸ್ಕ್ರೇಪರಿನ ಹಿಡಿಯನ್ನು ಸೊಂಟಕ್ಕೆ ಆನಿಸಿ, ಮೈಯನ್ನೇ ಮುಂದೆ ತೂಗಿ, ಆ ನೀಲಿಯನ್ನಷ್ಟೇ ಕೆರೆದರು. ಬಂದದ್ದು ಚೂರಲ್ಲ, ಕಪ್ಪು ಹುಡಿ. ಒರೆಸಿ, ಮತ್ತೆ ನೀಲಿ, ಮತ್ತೆ ಜಾರಿಸು. ಈಗ ಐದು ಕಡೆ. ಪ್ರತಿ ಸುತ್ತಿಗೂ ಕೆರೆಯುವ ದಿಕ್ಕು ಬದಲಿಸಬೇಕು, ಇಲ್ಲದಿದ್ದರೆ ಅಲೆ ಬೀಳುತ್ತದೆ. ನಲವತ್ತಕ್ಕೂ ಹೆಚ್ಚು ಸುತ್ತಾದ ಮೇಲೆ ಮುಖದ ತುಂಬ ಚಿರತೆಯ ಮೈಯಂತೆ ನೀಲಿ ಚುಕ್ಕೆ. ಒಂದು ಚದರ ಇಂಚಿನಲ್ಲಿ ಎಷ್ಟು ಚುಕ್ಕೆ ಎಂದು ಅವರು ಬೆರಳ ತುದಿಯಲ್ಲಿ ಎಣಿಸಿದರು. ಹನ್ನೆರಡು. 'ಸಾಕು. ಇನ್ನೂ ನಯ ಮಾಡಿದರೆ ಎಣ್ಣೆ ನಿಲ್ಲೋದಿಲ್ಲ' ಎಂದರು. ಚುಕ್ಕೆಗಳ ನಡುವಿನ ತಗ್ಗುಗಳಲ್ಲೇ ಎಣ್ಣೆ ಉಳಿಯುವುದು. ಕನ್ನಡಿಯಂಥ ಎರಡು ಮುಖಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಹಾಗಾದರೆ ಆ ಸರ್ಫೇಸ್ ಪ್ಲೇಟನ್ನು ಸಮ ಮಾಡಿದ್ದು ಯಾವುದರಿಂದ? ಈ ಪ್ರಶ್ನೆಗೆ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ಪ್ರಚಾರಕ್ಕೆ ತಂದ ಉತ್ತರ ನನಗೆ ಇಂದಿಗೂ ರೋಮಾಂಚನ. ಎರಡು ಪ್ಲೇಟುಗಳನ್ನು ಒಂದಕ್ಕೊಂದು ಹೊಂದಿಸಿದರೆ ಒಂದು ಬೋಗುಣಿಯಂತೆ, ಇನ್ನೊಂದು ಅದರಲ್ಲಿ ಕೂರುವ ಗುಬುಟಿನಂತೆ ಆಗಿಬಿಡಬಹುದು. ನೀಲಿ ಎಲ್ಲ ಕಡೆ ಅಂಟಿದರೂ ಎರಡೂ ಸೊಟ್ಟ. ಮೂರನೆಯದನ್ನು ತಂದು ಮೂರನ್ನೂ ಸರದಿಯಂತೆ ಜೋಡಿ ಮಾಡಿ, ಇಡುವ ದಿಕ್ಕನ್ನೂ ತಿರುಗಿಸುತ್ತ ಕೆರೆದರೆ ಮೋಸಕ್ಕೆ ಜಾಗವಿಲ್ಲ. ಮೂರೂ ಪರಸ್ಪರ ಒಪ್ಪುವ ಆಕಾರ ಒಂದೇ, ಸಮತಟ್ಟು. ತನಗಿಂತ ನಿಖರವಾದ ಯಂತ್ರದ ಹಂಗಿಲ್ಲದೆ, ಬರಿಗೈಯಿಂದ ನಿಖರತೆ ಹುಟ್ಟಿದ್ದು ಹೀಗೆ. ಲೇಥಿನ ರಿಪೇರಿಗೆ ಕೂತವರು ಆ ಸರಪಳಿಯ ಒಂದು ಕೊಂಡಿ ಹಿಡಿಯುತ್ತಾರೆ.

ಗೇರ್ ಡಬ್ಬಿಯಲ್ಲಿ ಇನ್ನೊಂದು ಖುಷಿ ಕಾದಿತ್ತು. ನಮ್ಮ ಲೇಥಿನ ಲೀಡ್‌ಸ್ಕ್ರೂ ಇಂಚಿನ ಲೆಕ್ಕದ್ದು. ದೇಶ 1956ರ ಕಾನೂನಿನಿಂದ ಮೆಟ್ರಿಕ್ ಪದ್ಧತಿಗೆ ಹೊರಳಿದಾಗ ಇಂಥ ಯಂತ್ರಗಳಲ್ಲಿ ಮಿಲಿಮೀಟರ್ ಲೆಕ್ಕದ ಥ್ರೆಡ್ ಕೊರೆಯುವುದು ಹೇಗೆ? ಉತ್ತರ 127 ಹಲ್ಲಿನ ಒಂದು ಗೇರ್. ಒಂದು ಇಂಚು 25.4 ಮಿಲಿಮೀಟರ್; ಐದರಿಂದ ಗುಣಿಸಿದರೆ ಸರಿಯಾಗಿ 127. ಅದು ಅವಿಭಾಜ್ಯ ಸಂಖ್ಯೆ, ಚಿಕ್ಕ ಗೇರುಗಳಾಗಿ ಒಡೆಯಲು ಬರುವುದಿಲ್ಲ. ಅಷ್ಟು ಹಲ್ಲಿನ ದೊಡ್ಡ ಚಕ್ರವೇ ಬೇಕು. ಡಬ್ಬಿಯ ತಳದಲ್ಲಿ, ಎಣ್ಣೆ ಕಾಗದದಲ್ಲಿ ಸುತ್ತಿಟ್ಟು, ಯಾರೋ ಅದನ್ನು ಜೋಪಾನ ಮಾಡಿದ್ದರು.

ಮೋಟಾರಿನ ಕತೆ ಚಿಕ್ಕದು. ಮೂರು ಫೇಸಿನ ಮೋಟಾರ್, ಮನೆಗಿರುವುದು ಸಿಂಗಲ್ ಫೇಸ್. ವಿಎಫ್‌ಡಿ ಎಂಬ, ಸಿಂಗಲ್ ಫೇಸನ್ನು ಮೂರು ಫೇಸಾಗಿ ಬದಲಿಸುವ ಡಬ್ಬಿ ಕೂರಿಸಿ, ಮೋಟಾರಿನ ತಂತಿಗಳನ್ನು ಸ್ಟಾರ್‌ನಿಂದ ಡೆಲ್ಟಾಕ್ಕೆ ಬದಲಿಸಿದರೆ ತಿರುಗುತ್ತದೆ. ಇದನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು.

ಜೋಡಿಸಿದ ಮೇಲೆ ಯಂತ್ರವನ್ನು ಕೂರಿಸುವುದೇ ಒಂದು ವಿದ್ಯೆ. ಅಷ್ಟು ದಪ್ಪ ಎರಕದ ಬೆಡ್ ಕಾಲುಗಳಡಿಯ ಕಾಗದದಷ್ಟು ಏರುಪೇರಿಗೂ ಹಗ್ಗದಂತೆ ತಿರುಚಿಕೊಳ್ಳುತ್ತದೆ ಎಂದರೆ ನಾನು ನಂಬಿರಲಿಲ್ಲ. ಒಂದು ಸರಳನ್ನು ಚಕ್ಕಿಗೆ ಕಚ್ಚಿಸಿ, ಟೇಲ್‌ಸ್ಟಾಕಿನ ಆಸರೆ ಕೊಡದೆ, ಎರಡು ತುದಿಯಲ್ಲಿ ಎರಡು ಪಟ್ಟಿ ಬಿಟ್ಟು, ಟೂಲಿನ ಅಳತೆ ಬದಲಿಸದೆ ಎರಡನ್ನೂ ಸವರಿದೆವು. ಮೈಕ್ರೊಮೀಟರ್ ಹಿಡಿದಾಗ ಹೊರತುದಿಯ ಪಟ್ಟಿ ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು ದಪ್ಪ. ಹಿರಿಯ ಫಿಟ್ಟರ್ ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲಿನ ಬೋಲ್ಟನ್ನು ಕೂದಲೆಳೆಯಷ್ಟು ತಿರುವಿ ಎತ್ತಿದರು. ಮತ್ತೆ ಸವರಿದೆವು. ಎರಡು ಪಾಲು. ಇನ್ನೊಮ್ಮೆ. ಒಂದು.

ನಾನು ಸ್ಪ್ಯಾನರ್ ಕೆಳಗಿಡಲು ಹೊರಟೆ. ಅವರು ಕೈ ಅಡ್ಡ ಹಿಡಿದು, 'ಎರಕ ರಾತ್ರಿ ಮಲಗಿ ಏಳಲಿ, ಬೆಳಿಗ್ಗೆ ಇನ್ನೊಂದು ಸಲ ನೋಡಿ ಆಮೇಲೆ ನಟ್ ಬಿಗಿ ಮಾಡೋಣ' ಎಂದರು. ಬೆಳಿಗ್ಗೆ ಏಳು ಗಂಟೆಗೆ, ಕಾಫಿಗೂ ಮುಂಚೆ, ಅವರೇ ಮೈಕ್ರೊಮೀಟರ್ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು.